ಒಂದು ಪುಟ ಓದುವಷ್ಟು ಹೊತ್ತು

ಮುಂಡರಗಿ
12 ಜೂನ್ 2024

ಪೂಜ್ಯ ಸಿದ್ದಲಿಂಗವ್ವ ಅಕ್ಕೋರ ಸನ್ನಿಧಿಗೆ,

ಲಕ್ಷ್ಮೇಶ್ವರದ ಶಾಲೆಯಲ್ಲಿ ತಮ್ಮ ಕೈಯಲ್ಲಿ ಕಲಿತ ಗುಲ್ನಾಜಳ ಸಲಾಮುಗಳು. ತಮಗೆ ನೆನಪಿರಲಿಕ್ಕಿಲ್ಲ. ನಾನು ಪಿಂಜಾರ ಶೇಖಸಾಬರ ಮಗಳು, ಏಳನೇ ಇಯತ್ತೆಯ ನಡುವೆ ಶಾಲೆ ಬಿಟ್ಟವಳು. ಈಗ ಮುಂಡರಗಿಯಲ್ಲಿ ಗಂಡನ ಮನೆಯಲ್ಲಿದ್ದೇನೆ. ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಅಂಗಡಿ. ತಮ್ಮ ವಿಳಾಸವನ್ನು ತವರಿನವರಿಂದ ತರಿಸಿಕೊಂಡೆ. ಅಕ್ಕೋರಿಗೆ ಈಗ ಕಿವಿ ಕೇಳಿಸುವುದಿಲ್ಲ, ಫೋನು ಉಪಯೋಗವಿಲ್ಲ, ಕಾಗದವನ್ನೇ ಬರೆ ಎಂದು ಅವರು ಹೇಳಿದರು.

ವಿನಂತಿ ಏನೆಂದರೆ, ನನ್ನ ಮಗಳು ಆಯೇಶಾ ಮೂರನೆಯದು ಮುಗಿಸಿದ್ದಾಳೆ. ವಯಸ್ಸು ಒಂಬತ್ತು. ಈ ವರ್ಷ ಅವಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿಯೇ ಕಲಿಸಬೇಕೆಂದು ಮಾಡಿದ್ದೇವೆ. ಹೆಡ್ ಮಾಸ್ತರರಿಗೂ ತಿಳಿಸಿದ್ದೇವೆ. ಯಾವಾಗ ಕರೆತಂದರೂ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರೆ. ಮನೆಯಲ್ಲಿದ್ದರೆ ಅಂಗಡಿಯ ಕೆಲಸಕ್ಕೂ ಒಂದು ಕೈ ಆದೀತು. ಯಾವ ಪುಸ್ತಕದಿಂದ ಶುರು ಮಾಡಬೇಕು, ದಿನಕ್ಕೆ ಎಷ್ಟು ತಾಸು ಕೂರಿಸಬೇಕು, ತಾವು ದಯಮಾಡಿ ತಿಳಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಧೇಯ ವಿದ್ಯಾರ್ಥಿನಿ,
ಗುಲ್ನಾಜ ಶಫೀಕ ನದಾಫ


ಲಕ್ಷ್ಮೇಶ್ವರ
20 ಜೂನ್ 2024

ಗುಲ್ನಾಜ,

ನೆನಪಿಲ್ಲದೆ ಏನು? ಕಿಟಕಿಯ ಕಡೆ, ಮೂರನೆಯ ಸಾಲು. ಎತ್ತಿದ ಕೈಯನ್ನು ನಾನು ಕೇಳುವ ತನಕ ಇಳಿಸುತ್ತಿರಲಿಲ್ಲ.

ಅಂಗಡಿಗೆ ಒಂದು ಕೈ ಆದೀತು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಮೂರು ಸಲ ಓದಿದೆ. ನಿಮ್ಮಪ್ಪನೂ ಅಂದು ಶಾಲೆಯ ಬಾಗಿಲಲ್ಲಿ ನಿಂತು ಇದನ್ನೇ ಹೇಳಿದ್ದರು. "ಮನ್ಯಾಗ ಒಂದ್ ಕೈ ಆಕ್ಕೈತ್ರಿ ಅಕ್ಕೋರ, ಇನ್ನ ಸಾಕು ಬಿಡ್ರಿ." ನಾನು ಒಂದು ತಾಸು ವಾದ ಮಾಡಿದೆ. ನೀನು ಅವರ ಬೆನ್ನ ಹಿಂದೆ ಪಾಟೀಚೀಲ ತಬ್ಬಿಕೊಂಡು ನಿಂತಿದ್ದೆ. ಇವತ್ತು ನೀನೇ ಆ ಮಾತು ಬರೆದರೆ ನಾನು ಯಾವ ಗೋಡೆಗೆ ತಲೆ ಜಜ್ಜಿಕೊಳ್ಳಲಿ?

ಒಂಬತ್ತು ವರ್ಷದ ಹುಡುಗಿಯ ಕೈ ಹತ್ತಿಯೊಳಗೆ ಇರಬಾರದು. ನಾಳೆಯೇ ಶಾಲೆಗೆ ಕಳಿಸು. ಪುಸ್ತಕದ ಹೆಸರು ನಾನು ಬರೆಯುವುದಿಲ್ಲ. ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೆ ಬರೆದದ್ದನ್ನು ಅಳಿಸುವುದಿಲ್ಲ.

ಸಿದ್ದಲಿಂಗವ್ವ


ಮುಂಡರಗಿ
2 ಸೆಪ್ಟೆಂಬರ್ 2024

ಅಕ್ಕೋರೇ,

ಇನ್ನು ಬರೆಯಬಾರದು ಎಂದುಕೊಂಡಿದ್ದೆ. ಎರಡೂವರೆ ತಿಂಗಳು ತಡೆದೆ, ಈಗ ತಡೆಯಲು ಆಗುತ್ತಿಲ್ಲ. ತಪ್ಪು ನನ್ನದೇ. ಖರೆ ಕಾರಣ ಬರೆಯಲು ನಾಚಿಕೆಯಾಗಿ, ಬಾಯಿಗೆ ಬಂದ ಸುಳ್ಳು ಕಾರಣ ಬರೆದೆ. ಅದು ಹೋಗಿ ಹೋಗಿ ನಮ್ಮಪ್ಪನ ಮಾತೇ ಆಗಿತ್ತು.

ಆಯೇಶಾಗೆ ಓದಲು ಬರುವುದಿಲ್ಲ. ಮೂರು ವರ್ಷ ಶಾಲೆಗೆ ಹೋದರೂ ಬರುವುದಿಲ್ಲ. ಹುಡುಗಿ ದಡ್ಡಿ ಅಲ್ಲ. ಒಮ್ಮೆ ಕೇಳಿದ ಕಥೆಯನ್ನು ಹಾಗೆಯೇ ತಿರುಗಿ ಹೇಳುತ್ತಾಳೆ, ಬಂದ ಗಿರಾಕಿಯ ಮುಖ ವರ್ಷವಾದರೂ ಮರೆಯುವುದಿಲ್ಲ. ಆದರೆ ಹಾಳೆಯ ಮೇಲೆ ವ, ಪ, ಷ ಎಲ್ಲ ಅವಳಿಗೆ ಒಂದೇ. ಇವತ್ತು ಗುರುತು ಹಿಡಿದದ್ದು ನಾಳೆ ಇಲ್ಲ. ತರಗತಿಯಲ್ಲಿ ಸಾಲಿಗೆ ಒಬ್ಬೊಬ್ಬರಂತೆ ಎದ್ದು ನಿಂತು ಓದಬೇಕು. ಇವಳ ಸರದಿ ಬಂದಾಗ ಉಳಿದ ಹುಡುಗರು ಮೊದಲೇ ನಗಲು ತಯಾರಾಗುತ್ತಿದ್ದರಂತೆ. ಕಳೆದ ಚಳಿಗಾಲದಿಂದ ಬೆಳಿಗ್ಗೆ ಯುನಿಫಾರ್ಮ್ ಹಾಕಿದ ಕೂಡಲೇ ವಾಂತಿ. ರವಿವಾರ ಇಲ್ಲ, ಹಬ್ಬದ ದಿನ ಇಲ್ಲ, ಶಾಲೆಯ ದಿನ ಮಾತ್ರ. ಮಾರ್ಚ್‌ನಲ್ಲಿ ಒಂದು ದಿನ ಮಧ್ಯಾಹ್ನದ ತನಕ ಸಿಗಲಿಲ್ಲ. ಹಿಂಜಿಟ್ಟ ಹತ್ತಿಯ ರಾಶಿಯೊಳಗೆ ಕುತ್ತಿಗೆಯ ತನಕ ಹುದುಗಿಕೊಂಡು ಕೂತಿದ್ದಳು. ಮೂಗಿನ ತುಂಬ ಅರಳೆ.

ಅವತ್ತೇ ಸಾಕು ಅಂದೆ. ನನ್ನ ಯಜಮಾನರು ಶಫೀಕರು ಮೊದಲು ಒಪ್ಪಲಿಲ್ಲ. ಗದಗಿನಲ್ಲಿ ಅವರ ಅಣ್ಣ ತಾರೀಖರ ಮಕ್ಕಳು ಹಾಸ್ಟೆಲ್ಲಿನಲ್ಲಿ ಇದ್ದು ಓದುತ್ತಾರೆ, ಅಲ್ಲಿಗೆ ಹಾಕೋಣ, ಶಿಸ್ತಿನಲ್ಲಿ ಕಲಿಯುತ್ತಾಳೆ ಎಂದರು. ನಾನು ಅತ್ತು ಜಗಳಾಡಿದೆ. ಕೊನೆಗೆ ಹೇಳಿದರು: "ಮುಂದಿನ ಜೂನ್ ತನಕ ನಿನಗ ಬಿಟ್ಟೀನಿ. ಒಂದ್ ಪುಟ ನನ್ನ ಮುಂದ ಓದಬೇಕು. ಓದಿದ್ಲು, ಆತು. ಇಲ್ಲಂದ್ರ ಗದಗ." ಅವರು ಕೆಟ್ಟವರಲ್ಲ ಅಕ್ಕೋರೇ, ಹೆದರಿದ್ದಾರೆ.

ಜೂನ್‌ನಿಂದ ಇಲ್ಲಿಯ ತನಕ ನಾನು ಮಾಡಿದ್ದು ಕೇಳಿರಿ. ಗೋಡೆಗೆ ಟೈಮ್ ಟೇಬಲ್ ಅಂಟಿಸಿದೆ. ಹತ್ತಕ್ಕೆ ತಾಟು ಬಡಿದು ಗಂಟೆ ಮಾಡಿದೆ. ಫೂಟಪಟ್ಟಿ ಹಿಡಿದು ಕುರ್ಚಿಯ ಮೇಲೆ ಕೂತೆ. ಎರಡನೇ ವಾರ ಮಗಳು ಮತ್ತೆ ವಾಂತಿ ಮಾಡಿಕೊಂಡಳು. ಯುನಿಫಾರ್ಮ್ ಇಲ್ಲ, ಶಾಲೆ ಇಲ್ಲ, ಎದುರಿಗೆ ನಾನೊಬ್ಬಳೇ ಇದ್ದೆ.

ಏಳನೆಯದು ಮುಗಿಸದವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಅನ್ನಿಸುತ್ತದೆ. ಬೈಯುವುದಿದ್ದರೆ ಬೈಯಿರಿ, ಆದರೆ ಹೇಗೆ ಶುರು ಮಾಡಬೇಕೆಂದು ಹೇಳಿರಿ.

ಗುಲ್ನಾಜ


ಲಕ್ಷ್ಮೇಶ್ವರ
6 ಸೆಪ್ಟೆಂಬರ್ 2024

ಗುಲ್ನಾಜ, ಮಗಳೇ,

ಜೂನ್‌ನಲ್ಲಿ ಬರೆದದ್ದನ್ನು ಅಳಿಸುವುದಿಲ್ಲ ಎಂದಿದ್ದೆ. ಅಳಿಸಿದ್ದೇನೆ. ನಿನ್ನನ್ನು ಕೇಳದೆ ತೀರ್ಪು ಕೊಟ್ಟೆ, ಕ್ಷಮಿಸು. ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಿನಗೆ 'ಯಾಕೆ' ಎಂದು ಒಂದು ಪ್ರಶ್ನೆ ಕೇಳಲಿಲ್ಲ.

ಈಗ ಹೇಳಿದಂತೆ ಮಾಡು. ಆ ಟೈಮ್ ಟೇಬಲ್ ಹರಿದು ಒಲೆಗೆ ಹಾಕು. ತಾಟಿನಲ್ಲಿ ಉಣ್ಣು. ಶಾಲೆಗೆ ಹೆದರಿದ ಕೂಸಿಗೆ ನೀನು ಶಾಲೆಯನ್ನೇ ಮನೆಗೆ ತಂದು ಕೂರಿಸಿದ್ದೀ ಹುಚ್ಚೀ! ಒಂದು ತಿಂಗಳು ಅವಳ ಕೈಗೆ ಪುಸ್ತಕ ಕೊಡಬೇಡ. ದಿನಾ ನೀನು ಓದು, ಅವಳು ಕೇಳಲಿ. ಕಥೆ ರಂಗೇರಿದಾಗ ನಿಲ್ಲಿಸು, ಮುಂದೇನು ಎಂದು ಅವಳೇ ಕಾಡಬೇಕು. ಅಂಗಡಿಯಲ್ಲಿ ಅವಳಿಗೆ ಇಷ್ಟವಾದ ಕೆಲಸ ಮಾಡಲಿ. ಲೆಕ್ಕ ಅಲ್ಲೇ ಇರುತ್ತದೆ, ನೀನು ಅದಕ್ಕೆ ಲೆಕ್ಕ ಎಂದು ಹೆಸರು ಇಡಬೇಡ.

ತಿಂಗಳಾದ ಮೇಲೆ ಪರಾತದಲ್ಲಿ ರವೆ ಹರವಿ, ಬೆರಳಿನಿಂದ ದೊಡ್ಡದಾಗಿ ಒಂದೇ ಅಕ್ಷರ ಬರೆಸು. ವಾರಕ್ಕೆ ಒಂದು ಸಾಕು. ವ ಮತ್ತು ಪ ಒಟ್ಟಿಗೆ ಬೇಡವೇ ಬೇಡ. ತಪ್ಪಿದರೆ ರವೆ ಅಲ್ಲಾಡಿಸಿದರೆ ಹೋಯಿತು, ಕೆಂಪು ಶಾಯಿ ಎಲ್ಲಿದೆ? ಮನೆಯವರ ಎದುರಿಗೆ, ಗಿರಾಕಿಯ ಎದುರಿಗೆ ತಿದ್ದಬೇಡ. ಅವಳು ತಡವರಿಸುವಾಗ ನೀನು ಶಬ್ದ ಹೇಳಿಕೊಡಬೇಡ, ಗಡಿಯಾರ ನೋಡಬೇಡ, ನಿಟ್ಟುಸಿರು ಬಿಡಬೇಡ. ನಿಟ್ಟುಸಿರು ಅವರಿಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತದೆ.

ಇಂಥ ಮಕ್ಕಳನ್ನು ಪರೀಕ್ಷಿಸುವ ಡಾಕ್ಟರರು ಹುಬ್ಬಳ್ಳಿಯಲ್ಲಿ ಇದ್ದಾರಂತೆ. ಅನುಕೂಲವಾದಾಗ ತೋರಿಸು. ಹೆಸರು ಏನೇ ಇಡಲಿ, ನೀನು ಮಾಡಬೇಕಾದ್ದು ಕಾಯುವುದು.

ಮತ್ತೆ, ನನಗೆ ಅರ್ಜಿಯ ಹಾಗೆ ಬರೆಯಬೇಡ. ಈ ಸಲದ ಹಾಗೆ ಬರೆ.

ನಿನ್ನ ಅಕ್ಕೋರು


ಮುಂಡರಗಿ
24 ನವೆಂಬರ್ 2024

ಅಕ್ಕೋರೇ,

ಇವತ್ತು ನಗುತ್ತಾ ಬರೆಯುತ್ತಿದ್ದೇನೆ. ನೀವೂ ನಗಬೇಕು.

ಡೋಣಿ ಊರಿನ ಚನ್ನಮ್ಮನವರ ಮಗಳ ಮದುವೆಗೆ ಗಾದಿ ಬೇಕಾಗಿತ್ತು. ಮಂಚದ ಅಳತೆ ತರಲು ನಮ್ಮ ಅತ್ತೆ ಮೋತಿಬಿ ಬಸ್ಸಿನಲ್ಲಿ ಹೋದರು. ಅವರದು ಇವತ್ತಿಗೂ ಟೇಪು ಇಲ್ಲ, ಗೇಣಿನ ಅಳತೆ. ಅವರ ಗೇಣಿಗೆ ತಾಲೂಕಿನಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಜೊತೆಗೆ ಆಯೇಶಾಳೂ ಹೋದಳು. ಕಪ್ಪತಗುಡ್ಡ ನೋಡುತ್ತೇನೆ ಎಂದು ಎರಡು ದಿನದಿಂದ ಬೆನ್ನು ಬಿದ್ದಿದ್ದಳು. ಅಲ್ಲಿ ಅತ್ತೆಗೆ ಮೊಣಕಾಲು ಹಿಡಿಯಿತು, ಚನ್ನಮ್ಮನವರು ಚಹಾ ಕೊಟ್ಟರು, ಮಾತಿಗೆ ಮಾತು ಬೆಳೆಯಿತು. "ಏ ಆಯೇಶಾ, ನೀನ ಅಳದ ಬಾರ" ಎಂದರಂತೆ. ಇವಳು ಅಳೆದು ಬಂದು ಹೇಳಿದಳು: ಉದ್ದ ಹನ್ನೆರಡು ಗೇಣು, ಅಗಲ ಎಂಟು.

ಅತ್ತೆ ಅದನ್ನೇ ಹಿಡಿದು ಅಂಗಡಿಯಲ್ಲಿ ತಮ್ಮ ಗೇಣಿನಿಂದ ಹನ್ನೆರಡು, ಎಂಟು ಹಾಕಿ ಬಟ್ಟೆ ಕತ್ತರಿಸಿದರು! "ಇಷ್ಟ ದೊಡ್ಡ ಮಂಚ ಎಲ್ಲಿ ಇರತೈತಿ?" ಎಂದು ನಾನು ಕೇಳಿದ್ದಕ್ಕೆ, "ದೊಡ್ಡ ಮನಿ, ದೊಡ್ಡ ಮಂಚ. ನಿನಗೇನ್ ಗೊತ್ತಾಕ್ಕೈತಿ, ಸುಮ್ನ ಹೊಲಿ" ಎಂದು ಬಾಯಿ ಮುಚ್ಚಿಸಿದರು. ಮೂರು ದಿನ ಹೊಲಿದೆವು. ಟಂಟಂ ಗಾಡಿಯಲ್ಲಿ ಹೇರಿಕೊಂಡು ಹೋಗಿ ಹಾಸಿದರೆ, ಗಾದಿ ಮಂಚದ ಮೂರೂ ಕಡೆ ಇಳಿಬಿದ್ದು, ಕಾಲ ಕಡೆ ನೆಲವನ್ನೇ ಮುಟ್ಟಿತು. ಚನ್ನಮ್ಮನವರು ಸೊಂಟಕ್ಕೆ ಕೈ ಇಟ್ಟು, "ಅಲ್ಲ ಮೋತಿಬಿ, ಮದುಮಕ್ಕಳಿಗೆ ಹೇಳಿದ್ನಿ. ನೀ ಇಡೀ ದಿಬ್ಬಣಕ್ಕ ಹೊಲದ್ಯಲ್ಲ!" ಎಂದರಂತೆ.

ಗಾದಿ ತಿರುಗಿ ಬಂತು. ಅತ್ತೆ ಕೆಂಡವಾಗಿದ್ದರು. ಆಯೇಶಾ ಮೂಲೆಯಲ್ಲಿ ನಿಂತಿದ್ದಳು. ಮತ್ತೆ ಹತ್ತಿಯೊಳಗೆ ಹೋಗಿ ಕೂರುತ್ತಾಳೆ ಎಂದುಕೊಂಡೆ. ಆದರೆ ಅವಳು ನೆಟ್ಟಗೆ ಬಂದು ಅಜ್ಜಿಯ ಕೈ ಹಿಡಿದು ನೆಲದ ಮೇಲೆ ಅಗಲಿಸಿದಳು. ಪಕ್ಕದಲ್ಲಿ ತನ್ನ ಕೈ ಇಟ್ಟಳು. ಗೇಣು ಹಾಕುತ್ತಾ ಹೋದಳು. "ಅಜ್ಜೀ, ನಿಂದು ಮೂರು ಆಗೂದ್ರಾಗ ನಂದು ನಾಕು ಆಕ್ಕಾವು. ನಂದು ಹನ್ನೆರಡು ಅಂದ್ರ ನಿಂದು ಒಂಬತ್ತು. ನಂದು ಎಂಟು ಅಂದ್ರ ನಿಂದು ಆರು. ಒಂಬತ್ತು, ಆರು ಕತ್ತರಸು." ಅತ್ತೆ ನನ್ನ ಮುಖ ನೋಡಿದರು. ನಾನು ಟೇಪು ತಂದು ಅತ್ತೆಯ ಒಂಬತ್ತು ಗೇಣು, ಆರು ಗೇಣು ಅಳೆದೆ. ಸರಿಯಾಗಿ ಆರು ಫೂಟು, ನಾಲ್ಕು ಫೂಟು, ಮಂಚದ ಅಳತೆಯೇ.

ಹಿಂಜುವ ಮಷೀನು ನಿಲ್ಲಿಸಿ ಶಫೀಕರು ಇದನ್ನೆಲ್ಲ ನೋಡುತ್ತಾ ನಿಂತಿದ್ದರು. ಮರುದಿನ ಕೊಪ್ಪಳದಿಂದ ಬಂದ ಗಿರಾಕಿಗೆ ಪೂರ್ತಿ ಕಥೆ ಹೇಳುತ್ತಿದ್ದರು.

ರವೆಯಲ್ಲಿ ಇಲ್ಲಿಯ ತನಕ ಆರು ಅಕ್ಷರ ಆಗಿವೆ. ವಾಂತಿ ನಿಂತಿದೆ. ನಿಮಗೆ ಹೇಗೆ ಉಪಕಾರ ಹೇಳಲಿ? ಒಂದು ಕೇಳಲೇ ಅಕ್ಕೋರೇ, ಸಿಟ್ಟಾಗಬೇಡಿರಿ. ನಮಗೆ ನೀವು ಹೀಗೆ ಕಲಿಸಲಿಲ್ಲ. ಫೂಟಪಟ್ಟಿ ನೆನೆಸಿಕೊಂಡರೆ ನನಗೆ ಇವತ್ತಿಗೂ ಬೆರಳು ಚುರ್ ಅನ್ನುತ್ತದೆ. ಇದೆಲ್ಲ ಎಲ್ಲಿ ಕಲಿತಿರಿ?

ಗುಲ್ನಾಜ


ಲಕ್ಷ್ಮೇಶ್ವರ
3 ಡಿಸೆಂಬರ್ 2024

ಗುಲ್ನಾಜ,

ದಿಬ್ಬಣದ ಗಾದಿ ಓದಿ ಒಬ್ಬಳೇ ಕೂತು ನಕ್ಕೆ. ಮಗ ಮಹಾದೇವ ಒಳಗೆ ಇಣುಕಿ ನೋಡಿ ಹೋದ. ಮೂರಕ್ಕೆ ನಾಲ್ಕು! ನಾವು ಇದನ್ನು ಆರನೆಯದಕ್ಕೆ ಕಲಿಸುತ್ತಿದ್ದೆವು, ಅದೂ ಅರ್ಧ ತರಗತಿಗೆ ತಲೆಗೆ ಹೋಗುತ್ತಿರಲಿಲ್ಲ. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳು. ಅಂಥ ಪಾಠವನ್ನು ನಾನು ಬೇಕೆಂದರೂ ಯೋಜಿಸಲಾರೆ.

ಈಗ ಶಬ್ದಕ್ಕೆ ಬಾ. ಪುಸ್ತಕದ ಶಬ್ದ ಬೇಡ, ಅವಳ ಕೈಯಲ್ಲಿರುವವು ಸಾಕು. ಗಾದಿ, ದಾರ, ಸೂಜಿ, ಅರಳೆ. ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಆಯಾ ವಸ್ತುವಿಗೆ ಕಟ್ಟು.

ಎಲ್ಲಿ ಕಲಿತಿರಿ ಎಂದು ಕೇಳಿದ್ದೀ. ವಯಸ್ಸಾದ ಮೇಲೆ ಒಂದಿಷ್ಟು ಬುದ್ಧಿ ಬರುತ್ತದೆ, ಅಷ್ಟೇ.

ಅಕ್ಕೋರು


ಮುಂಡರಗಿ
18 ಫೆಬ್ರುವರಿ 2025

ಅಕ್ಕೋರೇ,

ಇದು ನನ್ನ ಕೊನೆಯ ಕಾಗದ. ನಿನ್ನೆ ನಾನು ಆಯೇಶಾಳನ್ನು ಹೊಡೆದೆ.

ಮದುವೆಯ ಸುಗ್ಗಿ, ಎರಡು ತಿಂಗಳಿಂದ ಬೆನ್ನು ನೆಟ್ಟಗೆ ಮಾಡಿಲ್ಲ. ಅಂಥದರಲ್ಲೂ ದಿನಾ ಕೂರಿಸುತ್ತಿದ್ದೆ. ಸಣ್ಣ ಶಬ್ದಗಳು ಬರುತ್ತಿದ್ದವು. ನಿನ್ನೆ 'ಅಜ್ಜಿ' ಎಂದು ಬರೆದಿದ್ದೆ. ಮೊನ್ನೆ ಓದಿದ್ದಳು, ನಿನ್ನೆ ಬರಲಿಲ್ಲ. ಐದು ಸಲ ಕೇಳಿದೆ. ಐದನೆಯ ಸಲ ನನ್ನ ಕೈ ಎದ್ದೇಬಿಟ್ಟಿತು. ಅವಳು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ನನ್ನನ್ನು ನೋಡಿದಳು. ಇವತ್ತು ಬೆಳಿಗ್ಗೆ ಎದ್ದವಳೇ ವಾಂತಿ ಮಾಡಿದಳು.

ಶಫೀಕರಿಗೆ ಹೇಳಿಲ್ಲ. ಅವರು ಹೋದ ವಾರ ಗದಗಿಗೆ ಹೋದಾಗ ಹಾಸ್ಟೆಲ್ಲಿನ ಫಾರ್ಮು ತಂದು ರೊಕ್ಕದ ಗಲ್ಲೆಯಲ್ಲಿ ಇಟ್ಟಿದ್ದಾರೆ. ನಾನು ನೋಡಿದ್ದೇನೆ ಎಂದು ಅವರಿಗೆ ಗೊತ್ತಿಲ್ಲ. ಅದನ್ನು ನಾನೇ ತುಂಬಿಸಿ ಕೊಡುತ್ತೇನೆ. ಅಲ್ಲಿಯಾದರೂ ಹೊಡೆಯುವವಳು ತಾಯಿ ಆಗಿರುವುದಿಲ್ಲ. ನಿಮ್ಮ ಎಂಟು ತಿಂಗಳನ್ನು ಹಾಳು ಮಾಡಿದೆ.

ಗುಲ್ನಾಜ


ಲಕ್ಷ್ಮೇಶ್ವರ
22 ಫೆಬ್ರುವರಿ 2025

ಗುಲ್ನಾಜ,

ಫಾರ್ಮು ಮುಟ್ಟಬೇಡ. ಮೊದಲು ಇದನ್ನು ಓದು.

ಎಲ್ಲಿ ಕಲಿತಿರಿ ಎಂದು ಕೇಳಿದ್ದೆಯಲ್ಲ, ನಾನು ಹಾರಿಸಿ ಉತ್ತರ ಕೊಟ್ಟೆ. ಈಗ ಹೇಳುತ್ತೇನೆ. ನನ್ನ ಮಹಾದೇವನೂ ನಿನ್ನ ಆಯೇಶಾಳಂತೆಯೇ ಇದ್ದ. ಮೂರನೆಯದರಲ್ಲಿ ಅವನು ನನ್ನ ತರಗತಿಗೇ ಬಂದ. ಅಕ್ಕೋರು ಸ್ವಂತ ಮಗನಿಗೆ ಸಲೀಸು ಬಿಡುತ್ತಾರೆ ಎಂದು ಯಾರೂ ಅನ್ನಬಾರದು ಎನ್ನುವುದು ನನ್ನ ಹಟ. ಉಳಿದವರಿಗೆ ಒಂದು ಏಟು ಬಿದ್ದರೆ ಅವನಿಗೆ ಎರಡು. ನಲವತ್ತು ಮಕ್ಕಳ ಮುಂದೆ ನಿಲ್ಲಿಸಿ ಓದಿಸಿದೆ. ಅವನು 'ಅ' ಎನ್ನುವಷ್ಟರಲ್ಲಿ "ಮುಂದ, ಮುಂದ" ಎನ್ನುತ್ತಿದ್ದೆ. ಅವನ ತಪ್ಪಿಗೆ ಮಕ್ಕಳು ನಕ್ಕರೆ ಅವರನ್ನು ಸುಮ್ಮನಿರಿಸಲಿಲ್ಲ, ನಾಚಿಕೆಯಾದರೂ ಕಲಿಯಲಿ ಎಂದು ಬಿಟ್ಟೆ. ಮನೆಗೆ ಬಂದು ಅಡಿಗೆ ಮಾಡುತ್ತಾ ಮತ್ತೆ ಓದಿಸುತ್ತಿದ್ದೆ. ಆರನೆಯದರಲ್ಲಿ ಅವನು ಶಾಲೆಯ ದಾರಿ ಬಿಟ್ಟು ಮೋಟರ್ ವೈಂಡಿಂಗ್ ಅಂಗಡಿಗೆ ಹೋಗಿ ಕೂತ. ತಿರುಗಿ ಬರಲಿಲ್ಲ.

ಈಗ ಬಜಾರಿನಲ್ಲಿ ಅವನದೇ ಅಂಗಡಿ ಇದೆ. ಪಂಪಸೆಟ್ಟಿನ ಸದ್ದು ಕೇಳಿಯೇ ಯಾವ ಸುತ್ತು ಸುಟ್ಟಿದೆ ಎಂದು ಹೇಳುತ್ತಾನೆ. ಪಾವತಿ ಬರೆಯಬೇಕಾದರೆ ಪಕ್ಕದ ಅಂಗಡಿಯವರನ್ನು ಕರೆಯುತ್ತಾನೆ. ನನ್ನನ್ನು ಕರೆಯುವುದಿಲ್ಲ. ಒಂದೇ ಮನೆಯಲ್ಲಿ ಇದ್ದೇವೆ. ಔಷಧಿ ತಪ್ಪಿಸುವುದಿಲ್ಲ, ಎದುರು ಮಾತಾಡುವುದಿಲ್ಲ, ನಿನಗೆ ಬರೆಯುವ ಈ ಕಾಗದಗಳನ್ನೂ ಅವನೇ ಪೋಸ್ಟಿಗೆ ಹಾಕುತ್ತಾನೆ. ಅದರಲ್ಲಿ ಏನಿದೆ ಎಂದು ಅವನಿಗೆ ಗೊತ್ತಿಲ್ಲ. ಮೂವತ್ತೈದು ವರ್ಷದಲ್ಲಿ ನಾವು ಆ ಮಾತು ಒಮ್ಮೆಯೂ ಎತ್ತಿಲ್ಲ.

ನಿನಗೆ ಮಾಡು ಎಂದು ಬರೆದದ್ದೆಲ್ಲ ನಾನು ಮಾಡದೆ ಬಿಟ್ಟದ್ದು. ರಾತ್ರಿಗಳೆಲ್ಲ ಕೂತು ಯೋಚಿಸಿ ಯೋಚಿಸಿ, ಹೀಗೆ ಮಾಡಬೇಕಿತ್ತು, ಹೀಗೆ ಮಾಡಬೇಕಿತ್ತು ಎಂದು ನನಗೆ ನಾನೇ ಕಲಿಸಿಕೊಂಡ ಪಾಠ ಅದು. ನಿನ್ನ ಕಾಗದ ಬರುವ ತನಕ ಅದು ಯಾರಿಗೂ ಬೇಕಾಗಿರಲಿಲ್ಲ.

ನೀನು ಹೊಡೆದ ಮರುದಿನವೇ ಕೂತು ನನಗೆ ಬರೆದೆ. ನಾನು ಇವತ್ತು ಬರೆಯುತ್ತಿದ್ದೇನೆ. ನೀನು ನನಗಿಂತ ಮೂವತ್ತೈದು ವರ್ಷ ಮುಂದಿದ್ದೀ ಮಗಳೇ. ಎದ್ದು ಹೋಗಿ ಆಯೇಶಾಳ ಮುಂದೆ ಕೂತು, ನನ್ನದು ತಪ್ಪಾಯಿತು ಎನ್ನು. ಶಫೀಕನಿಗೂ ಹೇಳು. ಒಂದು ವಾರ ಏನೂ ಓದಿಸಬೇಡ. ಆಮೇಲೆ ಮತ್ತೆ ರವೆ ಹರವು.

ಸಿದ್ದಲಿಂಗವ್ವ


ಮುಂಡರಗಿ
2 ಏಪ್ರಿಲ್ 2025

ಅಕ್ಕೋರೇ,

ಮೊನ್ನೆ ಈದ್ ಆಯಿತು. ನಿಮ್ಮ ಹೆಸರಿನಲ್ಲಿ ಒಂದು ಬಟ್ಟಲು ಸುರಕುಂಬಾ ಪಾಯಸ ತೆಗೆದಿಟ್ಟು, ಸಂಜೆ ನಾನೇ ಕುಡಿದೆ. ಪೋಸ್ಟಿನವರು ಅದನ್ನು ತೆಗೆದುಕೊಳ್ಳುವುದಿಲ್ಲವಲ್ಲ.

ನಿಮ್ಮ ಕಾಗದ ಓದಿ ಬಹಳ ಅತ್ತೆ. ಆಯೇಶಾಳ ಮುಂದೆ ಕೂತು ತಪ್ಪಾಯಿತು ಅಂದೆ. ಅವಳು ನನ್ನ ಗಲ್ಲ ಹಿಡಿದು, "ಅಮ್ಮೀ, ನೀ ಹೊಡದಾಗ ನನಗ ಅಕ್ಷರ ಎಲ್ಲಾ ಓಡಿ ಹೋಗ್ತಾವು. ನೀ ಸುಮ್ನಿದ್ರ ಒಂದೊಂದ ಬರ್ತಾವು" ಅಂದಳು. ಇಷ್ಟು ದಿನ ನಾನು ಅವಳನ್ನೇ ಕೇಳಿರಲಿಲ್ಲ. ಶಫೀಕರಿಗೂ ಹೇಳಿದೆ. ಅವರು, "ನಾನಾಗಿದ್ರ ಡಿಸೆಂಬರ್‌ನಾಗ ಹೊಡೀತಿದ್ನಿ" ಎಂದರು. ಫಾರ್ಮಿನ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಜೂನ್‌ನ ಮಾತು ಹಾಗೆಯೇ ಇದೆ.

ರಮಜಾನಿನ ಉಪವಾಸದಲ್ಲಿ ಮಧ್ಯಾಹ್ನ ಅಂಗಡಿ ತಣ್ಣಗಿರುತ್ತಿತ್ತು. ದಿನಾ ಅರ್ಧ ತಾಸು ನಾವಿಬ್ಬರೂ. ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ನನ್ನ ಸೆರಗು ಜಗ್ಗಿ, "ಅಮ್ಮೀ, ಶಿರ... ಶಿರಹಟ್ಟಿ!" ಎಂದು ಕೂಗಿದಳು. ಬಸ್ಸಿನ ಬೋರ್ಡು. ಯಾರೂ ಓದು ಎಂದಿರಲಿಲ್ಲ. ಕಂಡಕ್ಟರು ಹತ್ತಿರಿ ಹತ್ತಿರಿ ಎಂದು ಕರೆದ. ನಾವು ಹೋಗಬೇಕಾದ ಊರು ಅದಲ್ಲ. ಆದರೂ ಹತ್ತಿಬಿಡೋಣ ಅನ್ನಿಸಿತ್ತು.

ಅಕ್ಕೋರೇ, ಸಣ್ಣ ಬಾಯಿಯಲ್ಲಿ ದೊಡ್ಡ ಮಾತು. ನನಗೆ ಹೇಳಿದ್ದನ್ನು ಮಹಾದೇವಣ್ಣನಿಗೂ ಹೇಳಿರಿ. ಆಯೇಶಾಗೆ ನಾನು ತಪ್ಪಾಯಿತು ಎಂದಾಗ ಅವಳ ಮುಖ ಹೇಗಾಯಿತು ಎಂದು ನಾನು ಕಂಡಿದ್ದೇನೆ.

ಗುಲ್ನಾಜ


ಮುಂಡರಗಿ
3 ಜೂನ್ 2025

ಅಕ್ಕೋರೇ,

ಏಪ್ರಿಲ್‌ನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಹೆಚ್ಚು ಮಾತಾಡಿದೆನೇನೋ. ಸಿಟ್ಟಿದ್ದರೂ ಇವತ್ತಿನ ಸುದ್ದಿ ನಿಮಗೇ ಮೊದಲು.

ನಿನ್ನೆ ಹತ್ತು ಗಂಟೆಗೆ ಶಫೀಕರು ಮಷೀನು ಬಂದ್ ಮಾಡಿ, ಕೈ ತೊಳೆದುಕೊಂಡು ಬಂದು ಕೂತರು. ನಾಲ್ಕನೆಯ ಇಯತ್ತೆಯ ಪುಸ್ತಕವನ್ನು ತಾವೇ ನಡುವೆ ಎಲ್ಲೋ ತೆರೆದು, "ಇದನ್ನ ಓದು. ಬಾಯಿಪಾಠ ಮಾಡಿದ್ದು ಬ್ಯಾಡ" ಎಂದರು. ಇರುವೆಗಳ ಪಾಠ, ಆಯೇಶಾ ಕಂಡಿರಲೇ ಇಲ್ಲ.

ಓದತೊಡಗಿದಳು. ಒಂದೊಂದು ಅಕ್ಷರಕ್ಕೆ ಬೆರಳಿಟ್ಟು, ಹಿಂದೆ ಹೋಗಿ, ಮುಂದೆ ಬಂದು. ಮೊದಲನೆಯ ಸಾಲಿಗೇ ಎರಡು ನಿಮಿಷ. ಅಷ್ಟರಲ್ಲಿ ಶಿರಹಟ್ಟಿಯ ಸಕ್ರಪ್ಪನವರು ಎರಡು ಗಾದಿ ಹೇಳಲು ಬಂದರು. ಅವರಿಗೆ ಬಸ್ಸಿನ ಗಡಿಬಿಡಿ. ಶಫೀಕರು ಮುಖ ಎತ್ತದೆ, "ಕುಂಡ್ರಿ ಸಕ್ರಪ್ಪಣ್ಣ, ಮಗಳು ಓದಾಕತ್ಯಾಳ" ಎಂದರು. ಅವರು ಹತ್ತಿಯ ಚೀಲದ ಮೇಲೆ ಕೂತರು. ನಡುವೆ ಒಂದು ಒತ್ತಕ್ಷರದ ಶಬ್ದಕ್ಕೆ ಸಿಕ್ಕಿಕೊಂಡಳು. ಮೂರು ಸಲ ಶುರು ಮಾಡಿದಳು, ಮೂರು ಸಲ ಬಿಟ್ಟಳು. ಸಕ್ರಪ್ಪನವರು ತಡೆಯಲಾರದೆ ಹೇಳಿಕೊಡಲು ಬಾಯಿ ತೆಗೆದರು. ಶಫೀಕರು ಕೈ ಅಡ್ಡ ಹಿಡಿದರು. "ಬರತೈತಿ, ತಡೀರಿ." ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ. ಶಬ್ದ ಬಂತು.

ಪುಟ ಮುಗಿಯುವುದಕ್ಕೆ ಇಪ್ಪತ್ತು ನಿಮಿಷ ಆಯಿತು ಅಕ್ಕೋರೇ. ಇಪ್ಪತ್ತೂ ನಿಮಿಷ ಶಫೀಕರು ಅಲ್ಲಾಡಲಿಲ್ಲ. ಮುಗಿಸಿ ಅವಳು ಪುಸ್ತಕ ಮುಚ್ಚಲಿಲ್ಲ, ಅದರ ಮೇಲೆ ಎರಡೂ ಕೈ ಇಟ್ಟು ಅಪ್ಪನನ್ನು ನೋಡಿ, "ಅಬ್ಬಾ, ಗದಗಿಗೆ ಹೋಗಬೇಕೇನು?" ಎಂದಳು. ಅವರು ಎದ್ದು ಗಲ್ಲೆಯಿಂದ ಆ ಫಾರ್ಮು ತೆಗೆದು, ಹೊರಳಿಸಿ, ಅವಳ ಕೈಗೆ ಪೆನ್ನು ಕೊಟ್ಟು, "ಇದರ ಹಿಂದ ಸಕ್ರಪ್ಪಣ್ಣನ ಗಾದಿ ಅಳತಿ ಬರಕೋ" ಎಂದರು. ಆಮೇಲೆ ಮಷೀನಿನ ಹಿಂದೆ ಹೋಗಿ ನಿಂತರು. ಅರಳೆ ಕಣ್ಣಿಗೆ ಬಿದ್ದಿದೆ ಎಂದರು. ಮಷೀನು ಚಾಲೂ ಇರಲಿಲ್ಲ.

ಇನ್ನೊಂದು ವರ್ಷ ಮನೆಯಲ್ಲಿಯೇ. ಆಮೇಲೆ ಶಾಲೆಗೆ ಹೋಗುತ್ತೀಯಾ ಎಂದು ಅವಳನ್ನೇ ಕೇಳುತ್ತೇವೆ. ಅಕ್ಕೋರೇ, ನಾನು ಏಳನೆಯದರಲ್ಲಿ ಬಿಟ್ಟ ಶಾಲೆಯನ್ನು ನೀವು ನನಗೆ ತಿರುಗಿ ಕೊಟ್ಟಿದ್ದೀರಿ. ಅಲ್ಲಾಹ್ ನಿಮ್ಮನ್ನು ತಣ್ಣಗಿಡಲಿ.

ನಿಮ್ಮ ಗುಲ್ನಾಜ


ಲಕ್ಷ್ಮೇಶ್ವರ
9 ಜೂನ್ 2025

ಗುಲ್ನಾಜ, ನನ್ನ ಮಗಳೇ,

ಸಿಟ್ಟಿರಲಿಲ್ಲ, ಹೆದರಿಕೆ. ಮಹಾದೇವನಿಗೆ ಹೇಳಿರಿ ಎಂದು ನೀನು ಬರೆದೆ. ಎರಡು ತಿಂಗಳು ದಿನಾ ಊಟಕ್ಕೆ ಬಡಿಸುವಾಗ ಇವತ್ತು ಹೇಳುತ್ತೇನೆ ಎಂದುಕೊಂಡು, ಸಾರು ಬಡಿಸಿ ಎದ್ದು ಬಂದೆ. ಹೇಳದೆ ನಿನಗೆ ಏನು ಉತ್ತರ ಬರೆಯಲಿ?

ನಿನ್ನ ಕಾಗದ ಮೊನ್ನೆ ಮಧ್ಯಾಹ್ನ ಬಂತು. ಪಡಸಾಲೆಯಲ್ಲಿ ಕೂತು ಓದಿ ಮುಗಿಸಿ ಕಣ್ಣೊರೆಸಿಕೊಂಡು ತಲೆ ಎತ್ತಿದರೆ ಮಹಾದೇವ ಎದುರಿಗೆ ನಿಂತಿದ್ದಾನೆ. ಬಂದು ನನ್ನ ಎಡಗಿವಿಗೆ ಬಾಯಿ ಹಚ್ಚಿದ. ಆ ಕಿವಿಯಲ್ಲಿ ಇನ್ನೂ ಸ್ವಲ್ಪ ಜೀವವಿದೆ.

"ಅವ್ವಾ, ಆಕಿ ಗಂಡ ಇಪ್ಪತ್ತ್ ನಿಮಿಷ ಕುಂತನಾ?"

ನಾನು ಗಾಬರಿಯಾದೆ. ನಿನಗೆ ಹೇಗೆ ಗೊತ್ತು ಎಂದೆ.

"ನಿನಗ ಕೇಳಸೂದಿಲ್ಲ ಅವ್ವಾ. ಮನಸನ್ಯಾಗ ಓದಾಕತ್ತೀನಿ ಅಂತ ತಿಳಕೊಂಡು ಒದರತಿ. ಬರಿಯೂ ಮುಂದೂ ಒಂದೊಂದ ಮಾತು ಒದರಕೋಂತ ಬರೀತಿ. ಒಂದ್ ವರ್ಷದಿಂದ ಎಲ್ಲಾ ಕೇಳೀನಿ. ಆ ಹುಡುಗಿ ಎಂದ ಓದ್ಯಾಳು ಅಂತ ನಾನೂ ಕಾಯಾಕತ್ತಿದ್ನಿ."

ಎಲ್ಲಾ ಕೇಳಿದ್ದಾನೆ. ಫೆಬ್ರುವರಿಯ ಕಾಗದವನ್ನೂ. ಅದನ್ನು ಕೇಳಿ, ಅದನ್ನೇ ಒಯ್ದು ಪೋಸ್ಟಿಗೆ ಹಾಕಿ ಬಂದು, ನನಗೆ ಗುಳಿಗೆ ಕೊಟ್ಟಿದ್ದಾನೆ. ನಾನು ಬಾಯಿ ತೆರೆಯುವ ಮೊದಲು ಅವನೇ ಕೇಳಿದ: "ನೀ ನನಗ ಎಷ್ಟ್ ಹೊತ್ತು ಕಾದಿದ್ದಿ ಅವ್ವಾ?"

ಸುಳ್ಳು ಹೇಳಲಿಲ್ಲ ಗುಲ್ನಾಜ. ಕಾಯಲೇ ಇಲ್ಲಪ್ಪಾ, ಒಂದು ಉಸಿರು ಎಳೆಯುವಷ್ಟೂ ಕಾಯಲಿಲ್ಲ, ನನ್ನದು ತಪ್ಪಾಯಿತು ಎಂದೆ. ಅವನ ಎರಡೂ ಕೈ ಹಿಡಿದುಕೊಂಡೆ, ಅವೇ ನಾನು ಹೊಡೆದ ಕೈಗಳು. ನಲವತ್ತಮೂರು ವರ್ಷದ ಗಂಡಸು ಅಳುವುದು ನನ್ನ ಕಿವಿಗೆ ಕೇಳಿಸಲಿಲ್ಲ, ಭುಜ ಅಲ್ಲಾಡುವುದು ಮಾತ್ರ ಕಾಣಿಸಿತು. ಇಬ್ಬರೂ ಹಾಗೇ ಕೂತಿದ್ದೆವು. ಅಂಗಡಿಯಿಂದ ಯಾರೋ ಕರೆಯಲು ಬಂದು ಹೋದರು.

ಆಮೇಲೆ ಅವನು ಮುಖ ಒರೆಸಿಕೊಂಡು ನಿನ್ನ ಕಾಗದವನ್ನು ತನ್ನ ಕೈಗೆ ತೆಗೆದುಕೊಂಡ. ನನ್ನ ಎಡಮಗ್ಗುಲಿಗೆ ಬಂದು ಕೂತ. ಎಣ್ಣೆ ಹಿಡಿದ ಬೆರಳನ್ನು ಮೊದಲನೆಯ ಅಕ್ಷರದ ಮೇಲೆ ಇಟ್ಟ. "ಮುಂ" ಎಂದ. ಬಹಳ ಹೊತ್ತು ಸುಮ್ಮನಿದ್ದ. "ಡ" ಎಂದ. ಮುಂದಿನ ಅಕ್ಷರ ನನ್ನ ನಾಲಿಗೆಯ ತುದಿಯಲ್ಲಿತ್ತು, ಹಲ್ಲು ಕಚ್ಚಿದೆ. ನಿಟ್ಟುಸಿರು ಬಿಡಲಿಲ್ಲ. ಗಡಿಯಾರದ ಕಡೆ ಬೆನ್ನು ಮಾಡಿ ಕೂತೆ. ಒಲೆಯ ಮೇಲೆ ಅನ್ನ ಸೀಯುವ ವಾಸನೆ ಬಂತು, ಏಳಲಿಲ್ಲ.

ಅವತ್ತು ಮೂರು ಸಾಲು ಓದಿದ. ಉಳಿದದ್ದು ನಾಳೆ ಎಂದು ಕಾಗದವನ್ನು ಮಡಚಿ ತನ್ನ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಸೀದ ಅನ್ನವನ್ನೇ ಇಬ್ಬರೂ ಉಂಡೆವು. ಕಲಿಸಿದ್ದಕ್ಕೆ ನನಗೆ ಉಪಕಾರ ಹೇಳಿದ್ದೀಯಲ್ಲ ಗುಲ್ನಾಜ, ಅದು ನಾನು ನಿನಗೆ ಹೇಳಬೇಕಾದ ಮಾತು.

ಇಂದಿನ ಕಾಗದ ಅವನ ಕೈಯಲ್ಲಿಯೇ ಕೊಡುತ್ತಿದ್ದೇನೆ, ಲಕೋಟೆ ಅಂಟಿಸಿಲ್ಲ. ಅವನು ಓದಿ ಮುಗಿಸಿದ ಮೇಲೆ ಪೋಸ್ಟಿಗೆ ಹಾಕುತ್ತಾನೆ. ನಿನಗೆ ತಲುಪುವುದು ಕೆಲವು ದಿನ ತಡವಾದೀತು.

ನಿನ್ನ
ಸಿದ್ದಲಿಂಗವ್ವ